ದೀಪ ದೊಡ್ಡದು ಮಾಡಿದ್ದು

ಕುರ್ಲಾ ಸ್ಟೇಶನ್ನಿಗೆ ಹತ್ತಿರದ ಆ ಹೋಟೆಲಿನಲ್ಲಿ ಅವತ್ತು ನಾವು ನಾಲ್ಕು ಜನ ಇದ್ದೆವು. ಹೋಟೆಲು ಎನ್ನುವುದಕ್ಕಿಂತ ಹೋಟೆಲಿದ್ದ ಜಾಗ ಎನ್ನಬೇಕು. ಮೂರು ದಿನದ ಹಿಂದೆ ಮಧ್ಯಾಹ್ನ ಅದಕ್ಕೆ ಬೆಂಕಿ ಹತ್ತಿತ್ತು. ವಿಮಾ ಕಂಪನಿಯ ಪರವಾಗಿ ನಷ್ಟ ನೋಡಿ ವರದಿ ಬರೆಯಲು ಬಂದ ಸರ್ವೇಯರ್ ಸಾಹೇಬರು ಒಬ್ಬರು. ಅವರ ಆಫೀಸಿನ ಸಹಾಯಕಿ ನಾನು. ಹೋಟೆಲಿನ ಒಡತಿ, ಉಡುಪಿ ಕಡೆಯವರು, ಗಿರಾಕಿಗಳಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ ಅವರು ಅಕ್ಕ. ನಾಲ್ಕನೆಯವರು ಇಪ್ಪತ್ತೆರಡು ವರ್ಷದಿಂದ ಅಲ್ಲಿ ಅಡುಗೆ ಮಾಡುತ್ತಿದ್ದ ಭಟ್ರು.

ಮಸಿಯ ವಾಸನೆಯ ಜತೆಗೆ ಸುಟ್ಟ ಹುಣಸೆಹಣ್ಣಿನ ಹುಳಿ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಉಗ್ರಾಣದ ಬೆಲ್ಲವೆಲ್ಲ ಕರಗಿ ಹರಿದು ನೆಲದ ಮೇಲೆ ಅಂಟಾಗಿ ಹರಡಿತ್ತು. ಹೆಜ್ಜೆ ಎತ್ತಿದರೆ ಚಪ್ಪಲಿ ಹಿಂದೆಯೇ ಉಳಿಯುತ್ತಿತ್ತು. ಸ್ಟೀಲಿನ ಲೋಟಗಳು ಶಾಖಕ್ಕೆ ನವಿಲಿನ ಕತ್ತಿನ ಬಣ್ಣಕ್ಕೆ ತಿರುಗಿದ್ದವು. ಅಷ್ಟು ಚೆಂದದ ಬಣ್ಣ ನೋಡಿ ಒಂದನ್ನು ಕೈಗೆತ್ತಿಕೊಂಡವಳು, ಅಕ್ಕನ ಮುಖ ಕಂಡು ಕೆಳಗಿಟ್ಟೆ.

ಸಾಹೇಬರದು ಹಿಂದಿ. ಭಟ್ರಿಗೆ ಬರುತ್ತಿದ್ದ ಹಿಂದಿ ಎರಡೇ ವಾಕ್ಯ: "ಇಡ್ಲಿ ಖತಮ್" ಮತ್ತು "ದಸ್ ಮಿನಿಟ್". ಹಾಗಾಗಿ ಅವರ ಹೇಳಿಕೆಯನ್ನು ಅವರದೇ ಭಾಷೆಯಲ್ಲಿ ಬರೆದುಕೊಂಡು, ಸಹಿ ಹಾಕಿಸಿ, ಆಮೇಲೆ ಇಂಗ್ಲಿಷಿಗೆ ಮಾಡಿ ಫೈಲಿಗೆ ಸೇರಿಸಬೇಕು. ಅದು ನನ್ನ ಕೆಲಸ. ಸಾಹೇಬರು ಅಕ್ಕನನ್ನು ಕರೆದುಕೊಂಡು ಹಿಂದಿನ ಉಗ್ರಾಣದಲ್ಲಿ ಫ್ರಿಜ್ಜಿನ ವಯರು ನೋಡಲು ಹೋದರು. ಪಕ್ಕದ ಟೈಲರ್ ಅಂಗಡಿಯಿಂದ ತಂದ ಎರಡು ಸ್ಟೂಲಿನ ಮೇಲೆ ನಾನು ಮತ್ತು ಭಟ್ರು ಕೂತೆವು.

"ಎಲ್ಲಿಯವಳು ನೀನು?" ಎಂದರು ಭಟ್ರು. ವಿಚಾರಣೆ ಶುರು ಮಾಡಬೇಕಾದವಳು ನಾನು, ಶುರು ಮಾಡಿದ್ದು ಅವರು.

"ಇಲ್ಲಿಯವಳೇ. ಗ್ರಾಂಟ್ ರೋಡಿನಲ್ಲಿ ಹುಟ್ಟಿದ್ದು. ಅಪ್ಪ ಲಾಡ್ಜಿನ ಮ್ಯಾನೇಜರ್ ಆಗಿದ್ದರು."

"ಇಲ್ಲಿ ಹುಟ್ಟಿ ಇಷ್ಟು ಸ್ಪಷ್ಟ ಕನ್ನಡ ಮಾತಾಡ್ತಿಯಲ್ಲ ಮಗಾ! ಅಕ್ಕನ ಅಣ್ಣನ ಮಗ ಇದ್ದಾನೆ, ಅವನ ಕನ್ನಡ ಕೇಳಿದ್ರೆ ಚಟ್ನಿಗೆ ಸಕ್ಕರೆ ಹಾಕಿದ ಹಾಗೆ."

"ಅಜ್ಜಿ ಕಲಿಸಿದ್ದು," ಎಂದೆ, ಉಬ್ಬಿ.

ಆಮೇಲೆ ಅವರು ಹೇಳುತ್ತ ಹೋದರು, ನಾನು ಬರೆದುಕೊಂಡೆ. ಮಧ್ಯಾಹ್ನ ಮೂರಕ್ಕೆ ಊಟದ ಹೊತ್ತು ಮುಗಿಯುತ್ತದೆ, ಐದಕ್ಕೆ ಮತ್ತೆ ಶಟರ್ ಎತ್ತುವುದು. ಅವತ್ತು ಎಲ್ಲರಿಗಿಂತ ಕೊನೆಗೆ ಹೊರಟವರು ಅವರು. "ಒಲೆ ಬಂದ್ ಮಾಡಿದೆ. ಗ್ಯಾಸಿನ ವಾಲ್ವ್ ತಿರುಗಿಸಿದೆ. ಗಲ್ಲಾಪೆಟ್ಟಿಗೆ ಮೇಲೆ ದೇವರ ಪಟ ಉಂಟಲ್ಲ, ಅಲ್ಲಿ ದೀಪ ದೊಡ್ಡದು ಮಾಡಿದೆ. ಶಟರ್ ಎಳೆದು ಬೀಗ ಹಾಕಿದೆ."

ದೀಪ ದೊಡ್ಡದು ಮಾಡಿದೆ! ಎಷ್ಟು ವರ್ಷವಾಗಿತ್ತು ಆ ಮಾತು ಕಿವಿಗೆ ಬಿದ್ದು. ಗ್ರಾಂಟ್ ರೋಡಿನ ಆ ಲಾಡ್ಜಿನ ಹಿಂದಿನ ಖೋಲಿಯಲ್ಲಿ ಅಜ್ಜಿ ನನಗೆ ಭಾಷೆ ಕಲಿಸಿದ್ದೇ ಹೀಗೆ. ಮನೆಯಿಂದ ಹೊರಡುವಾಗ ಹೋಗ್ತೇನೆ ಎನ್ನಬಾರದು, ಬರ್ತೇನೆ ಎನ್ನಬೇಕು. ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ಒಂದು ದಿನ ನಾನು, "ಅಜ್ಜಿ, ದೀಪ ಆರಿಸ್ಲಾ?" ಎಂದು ಕೇಳಿ ಬೈಸಿಕೊಂಡಿದ್ದೆ. "ಬಾಯಲ್ಲಿ ಒಳ್ಳೇದು ಬರುದಿಲ್ವಾ ನಿಂಗೆ? ದೊಡ್ಡದು ಮಾಡ್ತೇನೆ ಹೇಳು." ಸರಿ, ದೊಡ್ಡದು ಮಾಡಲು ಹೇಳಿದರಲ್ಲ ಎಂದು ನಾನು ಬತ್ತಿಯನ್ನು ಮುಂದಕ್ಕೆ ಎಳೆದು ಉರಿ ಎಬ್ಬಿಸಿದ್ದೆ. ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಹೂವಿನ ಎಸಳಿನಿಂದ ಬತ್ತಿಯನ್ನು ಎಣ್ಣೆಗೆ ತಳ್ಳಿ ನಂದಿಸಿ ತೋರಿಸಿದ್ದರು.

ಭಟ್ರ ಬಾಯಲ್ಲಿ ಅದನ್ನು ಕೇಳಿದ ಖುಷಿಗೆ ಇದ್ದಂತೆಯೇ ಬರೆದುಕೊಂಡೆ. ಒಂದಕ್ಷರ ಬದಲಿಸಲಿಲ್ಲ. ಭಟ್ರು ಕನ್ನಡಕ ಮೂಗಿಗೆ ಏರಿಸಿ ಓದಿ, "ನಿನ್ನ ಅಕ್ಷರ ಮುತ್ತಿನ ಹಾಗುಂಟು," ಎಂದು ಸಹಿ ಹಾಕಿದರು. ಉಗ್ರಾಣದಿಂದ ಬಂದ ಸಾಹೇಬರು "ಕ್ಯಾ ಬೋಲಾ?" ಎಂದು ಕೇಳಿದರು. "ಸಬ್ ಬಂದ್ ಕರ್‌ಕೆ ಗಯಾ, ಸರ್," ಎಂದೆ, ಎಲ್ಲ ಮುಚ್ಚಿಯೇ ಹೋಗಿದ್ದಾರೆ ಎಂದು. ಅವರು ತಲೆಯಾಡಿಸಿ ಮುಂದಿನ ಜಾಗಕ್ಕೆ ಹೊರಟರು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಇಂಗ್ಲಿಷಿಗೆ ಮಾಡುವುದು ಮರುವಾರಕ್ಕೆ ಬಿತ್ತು. ಅದಕ್ಕೆ ಕೂತ ದಿನ ಮಲಾಡಿನಲ್ಲಿ ನನ್ನ ಚಿಕ್ಕಮ್ಮನ ಮಗಳ ನಿಶ್ಚಿತಾರ್ಥ. ಸೀರೆ ಉಟ್ಟುಕೊಂಡೇ ಆಫೀಸಿಗೆ ಹೋಗಿದ್ದೆ. ಮೂರೂವರೆಯ ಲೋಕಲ್ ತಪ್ಪಿದರೆ ಆಮೇಲೆ ಹತ್ತಲು ಜಾಗವೇ ಸಿಗುವುದಿಲ್ಲ. ಫೈಲುಗಳು ಏಳೆಂಟು ಇದ್ದವು. ಆಗ ನಾನು ಮಾಡಿದ್ದಿಷ್ಟು: ಕನ್ನಡದ ಹಾಳೆಯ ಫೋಟೋ ತೆಗೆದೆ, ಫೋನಿನಲ್ಲಿರುವ ಅನುವಾದದ ಆ್ಯಪಿಗೆ ಕೊಟ್ಟೆ, ಅದು ಕೊಟ್ಟ ಇಂಗ್ಲಿಷನ್ನು ಫಾರಮ್ಮಿಗೆ ಅಂಟಿಸಿದೆ. ಕೆಳಗೆ, ಮೂಲದಂತೆ ಸರಿಯಾಗಿ ಅನುವಾದಿಸಿದ್ದೇನೆ ಎಂಬ ಸಾಲಿನ ಪಕ್ಕದಲ್ಲಿ, ಓದದೆ ನನ್ನ ಸಹಿ ಹಾಕಿದೆ. ಲೋಕಲ್ ಸಿಕ್ಕಿತು. ನಿಶ್ಚಿತಾರ್ಥದಲ್ಲಿ ಹೋಳಿಗೆ ಚೆನ್ನಾಗಿತ್ತು. ಅದನ್ನೂ ಮರೆತಿಲ್ಲ.

ಮಗುವಾಗಿದ್ದಾಗ ನಾನು ಮಾಡಿದ್ದನ್ನೇ ಫೋನೂ ಮಾಡಿತ್ತು. ದೀಪವನ್ನು ನಿಜಕ್ಕೂ ದೊಡ್ಡದು ಮಾಡಿತ್ತು.

ಆಮೇಲಿನದೆಲ್ಲ ಕಾಗದದಿಂದ ಕಾಗದಕ್ಕೆ ಹೋಯಿತು. ಸಾಹೇಬರು ಎರಡು ವಾರದ ಮೇಲೆ, ಹನ್ನೆರಡು ಸೈಟು ತಿರುಗಿದ ತಲೆಯಲ್ಲಿ, ಫೈಲು ಮುಂದಿಟ್ಟುಕೊಂಡು ವರದಿ ಬರೆದರು: ಅಡುಗೆಯವನು ದೀಪದ ಉರಿ ಏರಿಸಿ, ಯಾರೂ ಇಲ್ಲದ ಹೋಟೆಲಿನಲ್ಲಿ ಹಾಗೇ ಬಿಟ್ಟು ಹೋಗಿದ್ದಾನೆ, ಬೆಂಕಿಗೆ ಅದೇ ಕಾರಣವಿರಬಹುದು. ಕಂಪನಿ ಅದನ್ನೇ ಹಿಡಿದು, ವಿಮೆ ಮಾಡಿಸಿದವರು ತಕ್ಕ ಎಚ್ಚರಿಕೆ ವಹಿಸಬೇಕೆಂಬ ಷರತ್ತು ಮುರಿದಿದೆ, ಕ್ಲೇಮ್ ಕೊಡುವುದಿಲ್ಲ ಎಂದು ಅಕ್ಕನಿಗೆ ಪತ್ರ ಹಾಕಿತು. ಚಟ್ನಿಗೆ ಸಕ್ಕರೆ ಹಾಕಿದಂತೆ ಕನ್ನಡ ಮಾತಾಡುವ ಆ ಅಣ್ಣನ ಮಗ ಪತ್ರ ಓದಿ ಅಕ್ಕನಿಗೆ ಅರ್ಥ ಹೇಳಿದ. ಅಕ್ಕ ನನಗೆ ಫೋನ್ ಮಾಡಿದರು.

"ಕೇಳಿದಿಯಾ ಮಾರಾಯ್ತಿ? ದೀಪ ಉರಿತಾ ಬಿಟ್ಟು ಹೋದೆ ಅಂತ ನಮ್ಮ ಭಟ್ರೇ ಬರೆಸಿಕೊಟ್ಟಿದ್ದಾರಂತೆ! ಸಹಿ ಬೇರೆ ಹಾಕಿದ್ದಾರಂತೆ!"

ಕನ್ನಡದಿಂದ ಇಂಗ್ಲಿಷಿಗೆ ಹೋಗಿ ಮತ್ತೆ ಕನ್ನಡಕ್ಕೆ ಬರುವಷ್ಟರಲ್ಲಿ 'ದೊಡ್ಡದು' ಎನ್ನುವ ಮಾತು ದಾರಿಯಲ್ಲಿ ಉದುರಿಹೋಗಿತ್ತು. ಅದು ಉಳಿದಿದ್ದರೆ ಅಕ್ಕನಿಗೆ ಕೂಡಲೇ ತಿಳಿಯುತ್ತಿತ್ತು, ನಕ್ಕುಬಿಡುತ್ತಿದ್ದರು. ಈಗ ತಿಳಿದಿದ್ದವಳು ಜಗತ್ತಿನಲ್ಲಿ ನಾನೊಬ್ಬಳೇ. ಕಪಾಟು ತೆಗೆದು ನೋಡಿದೆ. ನನ್ನ ಮುತ್ತಿನ ಅಕ್ಷರ, ಅದರ ಹಿಂದೆ ಪಿನ್ನು ಹಾಕಿದ ಆ ಇಂಗ್ಲಿಷು, ಕೆಳಗೆ ನನ್ನ ಸಹಿ.

ಸಾಹೇಬರಿಗೆ ಹೇಳಿದೆ. ಹೇಳಲಿಲ್ಲ ಎಂದಲ್ಲ. ಅವರು ಕೆಟ್ಟವರೂ ಅಲ್ಲ. ಕನ್ನಡಕ ಒರೆಸಿ, ಹಿಂದಿಯಲ್ಲಿ ಹೇಳಿದರು: "ವರದಿ ಹೋಗಿಯಾಯಿತು. ಈಗ ಅನುವಾದ ತಪ್ಪು ಅಂದರೆ ನನ್ನ ಲೈಸೆನ್ಸಿಗೂ ಕುತ್ತು, ನಿನ್ನ ಕೆಲಸಕ್ಕೂ ಕುತ್ತು. ಹೋಟೆಲಿನವರು ಗ್ರಾಹಕ ಆಯೋಗಕ್ಕೆ ಹೋಗಲಿ. ಇಂಥ ಕೇಸು ಗೆಲ್ಲುತ್ತವೆ." ನನಗೆ ಬೇಕಾಗಿದ್ದದ್ದೂ ಅಂಥ ಒಂದು ಮಾತೇ. ಕಪಾಟು ಮುಚ್ಚಿದೆ.

ಅಕ್ಕ ಆಯೋಗಕ್ಕೆ ದೂರು ಕೊಟ್ಟರು. ಅಷ್ಟರಲ್ಲಿ ಭಟ್ರು ಕುರ್ಲಾ ಬಿಟ್ಟಿದ್ದರು. ಯಾರೂ ಹೋಗಿ ಎನ್ನಲಿಲ್ಲವಂತೆ. ಆದರೆ ಪಕ್ಕದ ಟೈಲರು, ಎದುರಿನ ಬಿಡಿಭಾಗದ ಅಂಗಡಿಯವರು, ಕೆಲಸ ಕಳೆದುಕೊಂಡ ಸಪ್ಲಾಯರುಗಳು, ಎಲ್ಲರಿಗೂ ಗೊತ್ತಾಗಿತ್ತು: ಹೋಟೆಲು ಸುಟ್ಟದ್ದು ಭಟ್ರ ದೀಪದಿಂದ.

ಅವರು ನನಗೆ ಸಿಕ್ಕಿದ್ದು ನಾನಿರುವ ಮಲಾಡಿನಲ್ಲಿ, ಸ್ಟೇಶನ್ ಹತ್ತಿರದ ಇನ್ನೊಂದು ಉಡುಪಿ ಹೋಟೆಲಿನಲ್ಲಿ. ನಾನು ನೀರುದೋಸೆ ತಿನ್ನುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಒಬ್ಬರು ಮಣೆ ಹಾಕಿ ಕೂತು ಬೀನ್ಸ್ ಹೆಚ್ಚುತ್ತಿದ್ದರು. ಕತ್ತೆತ್ತಿದಾಗ ಭಟ್ರು.

"ಭಟ್ರೇ, ನೀವು ತರಕಾರಿ ಹೆಚ್ಚುದಾ?"

"ನಾನೇ ಕೇಳಿಕೊಂಡದ್ದು ಮಗಾ. ಒಲೆ ಹತ್ರ ಬೇಡ ಅಂದೆ." ಕೈ ಒರೆಸಿಕೊಂಡು ನನ್ನ ಎದುರು ಬಂದು ಕೂತರು. ಸುತ್ತ ನೋಡಿ ದನಿ ತಗ್ಗಿಸಿದರು. "ನೀನು ಅವತ್ತು ಬರೆದುಕೊಂಡಿಯಲ್ಲ. ನಾನು ಎಂತ ಹೇಳಿದ್ದು? ನಂಗೆ ದೀಪ ಶಾಂತ ಮಾಡಿದ ನೆನಪೇ ಇರುದು. ಬತ್ತಿ ತಳ್ಳಿದ್ದು, ಬೆರಳಿಗೆ ಎಣ್ಣೆ ಆದದ್ದು, ಪಂಚೆಗೆ ಒರೆಸಿದ್ದು ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಆದ್ರೆ ಅದು ಅವತ್ತಿನದ್ದೋ, ಅದರ ಹಿಂದಿನ ದಿನದ್ದೋ? ದಿನಾ ಮಾಡುವ ಕೆಲಸ ನೋಡು. ಉರಿತಾ ಬಿಟ್ಟೆ ಅಂತ ನಾನೇ ಬಾಯಿ ಬಿಟ್ಟು ಹೇಳಿದ್ದೇನಂತೆ. ಹೇಳಿದ್ರೆ ಹಾಗೇ ಆಗಿರ್ಬೇಕಲ್ವಾ?"

ನನ್ನ ಬಾಯಲ್ಲಿ ದೋಸೆಯಿತ್ತು. ನುಂಗಿದೆ. "ನಂಗೂ ಸರಿ ನೆನಪಿಲ್ಲ ಭಟ್ರೇ," ಎಂದೆ.

ಈಗಲೂ ಆ ಸುಳ್ಳು ನನ್ನ ಕಿವಿಯಲ್ಲಿ ಇದೆ. ಹೇಳಿ ಮುಗಿಸಿದ ಕೂಡಲೇ ಅವರು, "ಅಲ್ಲ, ನಿಂಗೆ ಹೇಗೆ ನೆನಪಿರ್ಬೇಕು, ಎಷ್ಟು ಜನರದ್ದು ಬರೆಯುದೋ ಪಾಪ," ಎಂದು ನನ್ನ ಪರವಾಗಿ ತಾವೇ ಮಾತಾಡಿದರು. ದೋಸೆಯ ದುಡ್ಡು ಕೊಡಲು ಬಿಡಲಿಲ್ಲ.

ಆಯೋಗದಲ್ಲಿ ವಾದಿಸಲು ಅಕ್ಕ ಹಿಡಿದದ್ದು ಧಾರವಾಡ ಕಡೆಯ ಒಬ್ಬ ವಕೀಲರನ್ನು. ಮುಂಬಯಿಗೆ ಬಂದು ಮೂವತ್ತು ವರ್ಷವಾದರೂ ಮಾತು ಊರಿನದೇ. ನಾನು ಕಂಪನಿ ಕಡೆಯ ಆಫೀಸಿನವಳು, ಅವರ ಬಳಿಗೆ ಹೋಗಬಾರದು. ಆದರೂ ಅಷ್ಟರಲ್ಲಿ ಅಕ್ಕನ ಮನೆಗೆ ಹೋಗಿ ಚಾ ಕುಡಿದು ಬರುವಷ್ಟು ಬಳಕೆಯಾಗಿತ್ತು, ಜತೆಗೆ ಬಾ ಎಂದಾಗ ಇಲ್ಲ ಎನ್ನಲಾಗಲಿಲ್ಲ. ಒಂದು ರಜೆಯ ದಿನ ಹೋದೆವು. ಅವರಿಗೆ ಹೇಳಿಬಿಡುತ್ತೇನೆ ಎಂದು ಲೋಕಲಿನುದ್ದಕ್ಕೂ ಮನಸ್ಸಿನಲ್ಲಿ ವಾಕ್ಯ ಜೋಡಿಸಿಕೊಂಡೆ.

ವಕೀಲರ ಮೇಜಿನ ಮೇಲೆ ಸುಪ್ರೀಂ ಕೋರ್ಟಿನ ತೀರ್ಪುಗಳ ಜೆರಾಕ್ಸ್ ಕಟ್ಟು. ಅಕ್ಕ ಮೊದಲು ಕೇಳಿದ್ದೇ ದೀಪದ ವಿಚಾರ.

"ದೀಪದ ಮಾತು ಬಿಟ್ಟಬಿಡ್ರಿ ಅಕ್ಕಾರ," ಎಂದರು ವಕೀಲರು. "ಬೆಂಕಿ ಹತ್ತಿದ್ದು ಖರೆ ಅದ ಇಲ್ಲೋ?"

"ಹತ್ತಿದ್ದಕ್ಕೇ ಅಲ್ವಾ ನಿಮ್ಮ ಹತ್ರ ಬಂದದ್ದು!"

"ಮುಗೀತಲ್ರಿ ಮತ್ತ. ಬೆಂಕಿ ವಿಮೆ ಯಾಕ ಮಾಡಸ್ತಾರ ಮಂದಿ? ಕೈತಪ್ಪಿ ಒಂದಿನ ಏನರ ಆದೀತು ಅಂತನ. ಮಾಲಕರು ತಾವ ಹಚ್ಚಿರಬಾರದು, ಹಚ್ಚಿದವರ ಜೋಡಿ ಸೇರಿರಬಾರದು. ಬರೇ ಅಜಾಗರೂಕತೆ ಅಂದ್ರ ಕ್ಲೇಮ್ ತಪ್ಪಂಗಿಲ್ಲ. ಇದನ್ನ ಸುಪ್ರೀಂ ಕೋರ್ಟ್ ಹೇಳೇದ. ಸರ್ವೇಯರ್ ವರದಿಗೆ ಕಿಮ್ಮತ್ತ ಅದ, ಆದ್ರ ಅದ ಕಡೀ ಮಾತಲ್ಲ. ಅದನ್ನೂ ಹೇಳೇದ. ಇನ್ನ ಪಾಲಿಸಿಯೊಳಗಿನ ಶಬ್ದಕ್ಕ ಎರಡು ಅರ್ಥ ಬಂದ್ರ, ಆ ಶಬ್ದ ಬರದವರ ವಿರುದ್ಧನ ಓದಬೇಕು. ಬರದವರು ಕಂಪನಿಯವರು, ಅದಕ್ಕ ಅನುಮಾನದ ಲಾಭ ನಿಮಗ."

ಈ ತೀರ್ಪುಗಳು ನನಗೆ ಹೊಸವಲ್ಲ. ನಮ್ಮ ಆಫೀಸಿನಲ್ಲೂ ಅವುಗಳ ಕಟ್ಟು ಇದೆ. ಅವುಗಳಲ್ಲಿ ಅರ್ಧಕ್ಕರ್ಧ ಒಂದೊಂದು ಶಬ್ದದ ಜಗಳ. ಕಳ್ಳ ಬೀಗ ಮುರಿದರೆ ಕನ್ನಗಳವು, ತೆರೆದ ಬಾಗಿಲಿನಿಂದ ಬಂದು ಹೊತ್ತುಕೊಂಡು ಹೋದರೆ ಬರೀ ಕಳವು, ಪಾಲಿಸಿ ಮೊದಲನೆಯದಕ್ಕೆ ಮಾತ್ರ ಎಂದಿದ್ದರೆ ಎರಡನೆಯದಕ್ಕೆ ಇಲ್ಲ. ಗೋದಾಮು ಕಳೆದುಕೊಂಡವನ ಬದುಕು ಒಂದು ಶಬ್ದದ ಮೇಲೆ ನಿಂತಿರುತ್ತದೆ. ಚಹಾದ ಹೊತ್ತಿಗೆ ಅವನ್ನು ಕತೆಯ ಹಾಗೆ ಓದಿ ಹೇಳಿ ಆಫೀಸಿನವರನ್ನು ನಗಿಸುತ್ತಿದ್ದವಳು ನಾನೇ. ಅವತ್ತು ವಕೀಲರ ಬಾಯಲ್ಲಿ, ಬರೆದವರ ವಿರುದ್ಧವೇ ಓದಬೇಕು ಎಂಬುದನ್ನು ಕೇಳಿದಾಗ ನಗು ಬರಲಿಲ್ಲ. ಎರಡರ್ಥದ ಶಬ್ದ ಬರೆದವಳು ನಾನು. ಭಟ್ರ ವಿರುದ್ಧ ಓದಿಸಿದವಳೂ ನಾನು.

"ಆದ್ರೆ ವಕೀಲರೇ," ಎಂದೆ, "ಆ ಅಡುಗೆಯವರ ಹೇಳಿಕೆಯನ್ನು ಒಂದು ಸಲ ಮೂಲದಲ್ಲಿ ನೋಡಿದ್ರೆ..."

"ಬ್ಯಾಡವಾ ತಂಗಿ. ಅದನ್ನ ಕೆದಕಿದ್ರ ಸಾಕ್ಷಿ ಕರೀಬೇಕು, ವಿಚಾರಣೆ ಉದ್ದಾಗ್ತದ. ಅಂವ ದೀಪ ಬಿಟ್ಟಿದ್ದ ಅಂತನ ಹಿಡೀರಿ. ಆದ್ರೂ ನಾವ ಗೆಲ್ಲತೇವಿ."

ಅಕ್ಕನ ಮುಖ ಆ ಮಾತಿಗೆ ಅರಳಿತು. ಅದನ್ನು ನೋಡಿ ಸುಮ್ಮನಾದೆ. ಅಕ್ಕನಿಗೆ ಹೋಟೆಲು ಸಿಗುತ್ತದೆ, ಸಾಹೇಬರ ಲೈಸೆನ್ಸು ಉಳಿಯುತ್ತದೆ, ನನ್ನ ಕೆಲಸ ಉಳಿಯುತ್ತದೆ, ಯಾರಿಗೂ ನಷ್ಟವಿಲ್ಲ ಎಂದು ವಾಪಸ್ ಬರುವ ಲೋಕಲಿನಲ್ಲಿ ನನಗೆ ನಾನೇ ವಾದ ಮಾಡಿಕೊಂಡೆ. ಮಲಾಡಿನಲ್ಲಿ ಇಳಿದವಳು ಆ ಹೋಟೆಲಿನ ರಸ್ತೆ ಬಿಟ್ಟು ಸುತ್ತುಬಳಸಿ ಮನೆಗೆ ಹೋದೆ. ಆಮೇಲೆ ಒಂದೂವರೆ ವರ್ಷ ಹಾಗೆಯೇ ಸುತ್ತಿಕೊಂಡು ಹೋದೆ.

ಅಕ್ಕ ಗೆದ್ದರು. ವಕೀಲರು ಹೇಳಿದ ಪ್ರಕಾರವೇ ಆದೇಶ ಬಂತು. ಅಷ್ಟರಲ್ಲಿ ಅಣ್ಣಂದಿರ ಸಹಾಯದಿಂದ ಹೋಟೆಲೂ ಅರ್ಧ ಎದ್ದುನಿಂತು ಊಟ ಶುರುವಾಗಿತ್ತು. ಆದೇಶದ ಪ್ರತಿ ಕೈಗೆ ಬಂದ ದಿನ ಅಕ್ಕ ನನ್ನನ್ನು ಕರೆದು, ಓದಿ ಹೇಳು ಎಂದರು. ಓದಿದೆ. ಒಂದು ಕಡೆ ಹೀಗಿತ್ತು: ಅಡುಗೆಯವನು ಉರಿಯುವ ದೀಪವನ್ನು ಬಿಟ್ಟು ಹೋದನೆಂದೇ ಇಟ್ಟುಕೊಂಡರೂ ಅದು ನೌಕರನ ಅಜಾಗರೂಕತೆಯಷ್ಟೇ, ಅದರಿಂದ ಮಾಲೀಕರ ಹಕ್ಕು ಹೋಗುವುದಿಲ್ಲ. ಕನ್ನಡದಲ್ಲಿ ಹೇಳುವಾಗ ಆ ಸಾಲನ್ನು ಹಾರಿಸಬಹುದಿತ್ತು. ಇನ್ನೊಂದು ಸಲ ತಪ್ಪು ಅನುವಾದ ಮಾಡುವ ಧೈರ್ಯ ಬರಲಿಲ್ಲ. ಇದ್ದ ಹಾಗೇ ಹೇಳಿದೆ.

ಅಕ್ಕ ಕಾಜು ಕಟ್ಲಿಯ ಡಬ್ಬಿ ನನ್ನತ್ತ ತಳ್ಳಿ, "ನೋಡು, ಭಟ್ರ ತಪ್ಪನ್ನು ಕೋರ್ಟು ಸಹ ಕ್ಷಮಿಸಿತು," ಎಂದರು. "ನಾನೂ ಕ್ಷಮಿಸಿದ್ದೇನೆ ಅಂತ ಅವರಿಗೆ ಹೇಳು. ಮಲಾಡಿನಲ್ಲೇ ಇದ್ದಿಯಲ್ಲ ನೀನು."

ಆ ಡಬ್ಬಿಯಿಂದ ಒಂದು ತುಂಡನ್ನೂ ತೆಗೆಯಲಾಗಲಿಲ್ಲ.

ಮರುದಿನ ಕಪಾಟಿನಿಂದ ಕನ್ನಡದ ಹಾಳೆಯ ಜೆರಾಕ್ಸ್ ಮಾಡಿಸಿಕೊಂಡು ಭಟ್ರ ಹೋಟೆಲಿಗೆ ಹೋದೆ. ಅವರು ಇನ್ನಷ್ಟು ಬಗ್ಗಿದ್ದರು. ಹಾಳೆಯನ್ನು ಅವರ ಮುಂದಿಟ್ಟೆ. ಕನ್ನಡಕ ಏರಿಸಿ, ತುಟಿ ಅಲ್ಲಾಡಿಸುತ್ತ ಓದಿದರು. ಆ ಸಾಲಿಗೆ ಬಂದಾಗ ಬೆರಳು ನಿಂತಿತು.

"ದೊಡ್ಡದು ಮಾಡಿದೆ ಅಂತ ಉಂಟಲ್ಲ ಇಲ್ಲಿ!"

"ಹೌದು ಭಟ್ರೇ. ನೀವು ಸರಿಯಾಗೇ ಹೇಳಿದ್ರಿ, ನಾನೂ ಸರಿಯಾಗೇ ಬರೆದೆ. ಇಂಗ್ಲಿಷಿಗೆ ಮಾಡುವಾಗ ಫೋನಿಗೆ ಕೊಟ್ಟೆ. ಅದು ಉರಿ ಜೋರು ಮಾಡಿದೆ ಅಂತ ಮಾಡ್ತು. ನಾನು ಓದದೆ ಸಹಿ ಹಾಕಿದೆ. ಗೊತ್ತಾದ ಮೇಲೂ ಹೇಳಲಿಲ್ಲ. ಅವತ್ತು ನೀವು ಇಲ್ಲೇ ಕೂತು ಕೇಳಿದಾಗಲೂ ನಂಗೆ ಗೊತ್ತಿತ್ತು."

ಅವರು ಆ ಸಾಲನ್ನು ಇನ್ನೊಂದು ಸಲ ಓದಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಹಾಗಾದ್ರೆ ನಂಗೆ ಮರೆವಲ್ಲ," ಎಂದರು. ಮತ್ತೆ, ತಮಗೇ ಹೇಳಿಕೊಂಡಂತೆ, "ಬೆರಳಿಗೆ ಎಣ್ಣೆ ಆದದ್ದು ಅವತ್ತೇ." ಕನ್ನಡಕ ತೆಗೆದರು. "ಎರಡು ವರ್ಷ ಮಗಾ, ರೂಮಿಂದ ಹೊರಡುವಾಗ ಲೈಟಿನ ಸ್ವಿಚ್ಚನ್ನು ಮೂರು ಮೂರು ಸಲ ಮುಟ್ಟಿ ನೋಡ್ತಿದ್ದೆ. ಜತೆಯವರು ನಗಾಡ್ತಿದ್ರು." ನನ್ನ ಮುಖ ನೋಡಲಿಲ್ಲ. "ನಂಗೆ ಹೇಳಿದ್ದು ಸಾಲುದಿಲ್ಲ. ಕುರ್ಲಾದಲ್ಲಿ ಹೇಳ್ಬೇಕು ನೀನು. ಎಲ್ಲರೂ ಇರುವಾಗ."

ಹೋದೆವು. ಊಟದ ಗಿರಾಕಿಗಳು ಎದ್ದಿದ್ದರು, ಸಪ್ಲಾಯರುಗಳು ತಾವು ಉಣ್ಣಲು ಕೂತಿದ್ದರು. ಭಟ್ರು ಹೊಸ್ತಿಲ ಹೊರಗೇ ನಿಂತರು, ಬನ್ನಿ ಎಂದರೂ ಒಳಗೆ ಬರಲಿಲ್ಲ. ಟೈಲರನ್ನೂ ಕರೆಸಿದೆ. ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಹಾಳೆ ಓದಿದೆ. ಟೈಲರಿಗಾಗಿ ಹಿಂದಿಯಲ್ಲೂ ಹೇಳಿದೆ. ಕತೆ ಹೇಳಿ ಜನರನ್ನು ಕೂರಿಸಿಕೊಳ್ಳುವ ನನ್ನ ನಾಲಿಗೆ ಅವತ್ತು ನಾಲ್ಕು ವಾಕ್ಯಕ್ಕೆ ನಾಲ್ಕು ಸಲ ತಡವರಿಸಿತು.

ಅಕ್ಕ ಪೂರ್ತಿ ಕೇಳಿದರು. "ಎರಡು ವರ್ಷ ನನ್ನ ಮನೆಯಲ್ಲಿ ಚಾ ಕುಡಿದಿಯಲ್ಲೇ ನೀನು," ಎಂದರು. ಆಮೇಲೆ ನನ್ನನ್ನು ದಾಟಿಕೊಂಡು ಬಾಗಿಲಿಗೆ ಹೋದರು. ಭಟ್ರ ಹತ್ತಿರ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಭಟ್ರು ಚಪ್ಪಲಿ ಬಿಟ್ಟು ಒಳಗೆ ಬಂದರು. ಯಾರೋ ಎದ್ದು ಅವರಿಗೆ ಎಲೆ ಹಾಕಿದರು. ನನಗೆ ಯಾರೂ ಕೂತುಕೋ ಎನ್ನಲಿಲ್ಲ.

ತಿಂಗಳ ಕೊನೆಗೆ ನಾನು ಸಾಹೇಬರ ಆಫೀಸು ಬಿಟ್ಟೆ. ಅದರ ಮುಂದಿನ ಸೋಮವಾರ ಭಟ್ರು ಮಲಾಡಿನ ರೂಮು ಖಾಲಿ ಮಾಡಿ, ಟ್ರಂಕು ತೆಗೆದುಕೊಂಡು ಕುರ್ಲಾದ ಅಡುಗೆಮನೆಗೆ ಹೋದರು. ಅಕ್ಕ ನನ್ನ ಫೋನು ಎತ್ತುವುದನ್ನು ನಿಲ್ಲಿಸಿದರು.